ಅಂಚೆ ಓಟಗಾರನಿಂದ ಸಹಾರಾ ತನಕ: ದಿನಗಟ್ಟಲೆ ಓಡಿದವರ ಚರಿತ್ರೆ

ಹೊಸಕೋಟೆಯಿಂದ ಪೂರ್ವಕ್ಕೆ ಹೊರಟು ಕೋಲಾರ, ಮುಳಬಾಗಿಲು, ಚಿತ್ತೂರು ದಾಟಿ ಕಾಂಚೀಪುರ ಮುಟ್ಟುವ ಹೊತ್ತಿಗೆ ಹೆಚ್ಚೂಕಡಿಮೆ 250 ಕಿಲೋಮೀಟರ್ ಆಗುತ್ತದೆ. ಬಸ್ಸಿನಲ್ಲಿ ಕೂತು ಹೋದರೂ ಸೊಂಟ ಹಿಡಿಯುವ ದೂರ. ಅಷ್ಟೇ ದೂರವನ್ನು ಮರಳಿನ ಮೇಲೆ, ಒಂದು ವಾರದ ಊಟವನ್ನು ಬೆನ್ನಿಗೆ ಕಟ್ಟಿಕೊಂಡು, 45-50 ಡಿಗ್ರಿ ಬಿಸಿಲಿನಲ್ಲಿ ಓಡಿ ಮುಗಿಸುವ ಪಂದ್ಯವೊಂದು ಮೊರಾಕ್ಕೊ ದೇಶದಲ್ಲಿ 1986ರಿಂದ ನಡೆಯುತ್ತಿದೆ. ಅದರ ಹೆಸರು 'ಮ್ಯಾರಥಾನ್ ದೆ ಸಾಬ್ಲ್'. ಫ್ರೆಂಚ್ ಮಾತು, ಮರಳಿನ ಮ್ಯಾರಥಾನ್ ಎಂದರ್ಥ.

ಇಂಥ ಓಟದ ವಿಡಿಯೊಗಳು ಈಗ ಎಲ್ಲರ ಫೋನಿಗೂ ಬರುತ್ತವೆ. ಕಾಲಿನ ಚರ್ಮ ಸುಲಿದು ನಿಂತವರು, ಮರಳು ಗಾಳಿಯಲ್ಲಿ ಮುಖಕ್ಕೆ ಬಟ್ಟೆ ಸುತ್ತಿಕೊಂಡು ಹೋಗುವವರು. ಅರಳಿಕಟ್ಟೆ ಮೇಲೆ ಅದನ್ನು ನೋಡಿದವರು ಕೇಳುವ ಮಾತು ಒಂದೇ: ಇವರಿಗೆ ಬೇರೆ ಕೆಲಸ ಇಲ್ಲವಾ? ನಮಗೆ ಈ ಪ್ರಶ್ನೆ ತಮಾಷೆಯದು ಅನ್ನಿಸುವುದಿಲ್ಲ. ದಿನಗಟ್ಟಲೆ ಓಡುವುದು ಒಂದು ಕಾಲಕ್ಕೆ ನಿಜವಾಗಿಯೂ ಕೆಲಸವೇ ಆಗಿತ್ತು. ಸಂಬಳಕ್ಕೆ ಮಾಡುವ ಕೆಲಸ. ನಮ್ಮ ಸೀಮೆಯಲ್ಲೂ ಇತ್ತು. ಅದು ಯಾವಾಗ ಕೆಲಸವಾಗಿದ್ದದ್ದು ಪಂದ್ಯವಾಯಿತು, ಪಂದ್ಯವಾಗಿದ್ದದ್ದು ದುಡ್ಡು ಕಟ್ಟಿ ಹೋಗುವ ಸಾಹಸವಾಯಿತು ಎಂದು ನೋಡಹೊರಟರೆ ಚರಿತ್ರೆ ತುಂಬಾ ಹಿಂದಕ್ಕೆ ಎಳೆದುಕೊಂಡು ಹೋಗುತ್ತದೆ.

ಗ್ರೀಸಿನಿಂದ ಶುರು ಮಾಡುವುದು ಎಲ್ಲರ ರೂಢಿ. ಕ್ರಿಸ್ತಪೂರ್ವ 490ರಲ್ಲಿ ಅಥೆನ್ಸಿನಿಂದ ಸ್ಪಾರ್ಟಾಕ್ಕೆ ಯುದ್ಧದ ಸಹಾಯ ಕೇಳಲು ಓಡಿದ ಫೈಡಿಪಿಡೀಸ್ ಎಂಬ ಓಲೆಕಾರನ ಕತೆಯನ್ನು ಹೆರೊಡೋಟಸ್ ಬರೆದಿಟ್ಟಿದ್ದಾನೆ. ಹೊರಟ ಮರುದಿನವೇ ಮುಟ್ಟಿದನಂತೆ. ದೂರ ಸುಮಾರು 240 ಕಿಲೋಮೀಟರ್. ಮ್ಯಾರಥಾನ್ ಎಂದರೆ 42 ಕಿಲೋಮೀಟರ್ ಎಂದು ನಾವು ಶಾಲೆಯಲ್ಲಿ ಓದುತ್ತೇವೆ, ಆದರೆ ಹೆರೊಡೋಟಸ್ ಹೇಳಿರುವುದು ಈ ದೊಡ್ಡ ಓಟವನ್ನು. ಗಮನಿಸಬೇಕಾದದ್ದು ಅವನ ಉದ್ಯೋಗ. ಅವನು ಆಟಗಾರನಲ್ಲ, ಸುದ್ದಿ ಮುಟ್ಟಿಸುವುದು ಅವನ ಕಸುಬು.

ಗ್ರೀಸನ್ನು ಬಿಟ್ಟು ನಮ್ಮ ದಖ್ಖನ್ನಿಗೆ ಬನ್ನಿ. 14ನೇ ಶತಮಾನದಲ್ಲಿ ಮಹಮ್ಮದ್ ಬಿನ್ ತುಘಲಕ್‌ನ ಕಾಲದಲ್ಲಿ ಭಾರತಕ್ಕೆ ಬಂದಿದ್ದ ಇಬ್ನ್ ಬತೂತ ಎಂಬ ಪ್ರವಾಸಿ ಇಲ್ಲಿಯ ಅಂಚೆ ವ್ಯವಸ್ಥೆಯನ್ನು ಬಾಯಿ ತುಂಬ ಹೊಗಳಿದ್ದಾನೆ. ಆಗ ಕುದುರೆ ಅಂಚೆಯೂ ಇತ್ತು, ಕಾಲಂಚೆಯೂ ಇತ್ತು. ಮೈಲಿಗೆ ಮೂರು ಕಡೆ ಓಟಗಾರರು ಸೊಂಟ ಬಿಗಿದು ಸಿದ್ಧರಾಗಿ ಕೂತಿರುತ್ತಿದ್ದರು. ಒಬ್ಬ ಒಂದು ಕೈಯಲ್ಲಿ ಪತ್ರ, ಇನ್ನೊಂದು ಕೈಯಲ್ಲಿ ತಾಮ್ರದ ಗೆಜ್ಜೆ ಕಟ್ಟಿದ ಕೋಲು ಹಿಡಿದು ಓಡಿ ಬರುತ್ತಾನೆ, ಗೆಜ್ಜೆ ಸದ್ದು ಕೇಳಿದ ಕೂಡಲೇ ಮುಂದಿನವನು ಎದ್ದು ನಿಲ್ಲುತ್ತಾನೆ, ಕೈಯಿಂದ ಕೈಗೆ ಪತ್ರ ದಾಟುತ್ತದೆ. ಕುದುರೆಗಿಂತ ಇದೇ ಬೇಗ ಎಂದು ಅವನು ಬರೆಯುತ್ತಾನೆ. ಸುಲ್ತಾನ ದೌಲತಾಬಾದಿನಲ್ಲಿದ್ದಾಗ ಅವನು ಕುಡಿಯುವ ಗಂಗಾಜಲವನ್ನು 40 ದಿನದ ಹಾದಿಯಿಂದ ಹೀಗೇ ಹೊತ್ತು ತರುತ್ತಿದ್ದರಂತೆ. ಒಬ್ಬ ದೊರೆಯ ಒಂದು ಲೋಟ ನೀರಿಗೆ ಎಷ್ಟು ಜನರ ಕಾಲು ಸವೆದಿರಬೇಕು, ಲೆಕ್ಕ ಹಾಕಿ.

ಮೈಸೂರು ಸೀಮೆಯ ಅಂಚೆ ಚಿಕ್ಕದೇವರಾಜ ಒಡೆಯರ ಕಾಲದ್ದು. ಅವರು ಆಳಿದ್ದು 1673ರಿಂದ 1704ರವರೆಗೆ. ಆಡಳಿತವನ್ನು ಹದಿನೆಂಟು ಕಚೇರಿಗಳಾಗಿ ಕಟ್ಟಿದ ದೊರೆ ಅವರು. ಅಂಚೆ ಎನ್ನುವ ಮಾತೇ ಚೆಂದ: ಹಂಸ ಶಬ್ದದ ತದ್ಭವವೂ ಅಂಚೆಯೇ. ನಳ ದಮಯಂತಿಯರ ನಡುವೆ ಸುದ್ದಿ ಒಯ್ದ ಹಂಸ ನೆನಪಾಗದೆ ಇರುವುದಿಲ್ಲ. ಆದರೆ ದೊರೆಯ ಅಂಚೆ ಪ್ರೇಮಪತ್ರಕ್ಕೆ ಹುಟ್ಟಿದ್ದಲ್ಲ. ಸರ್ಕಾರದ ನಿರೂಪ, ಕಂದಾಯದ ಲೆಕ್ಕ, ಜೊತೆಗೆ ಯಾವ ಪಾಳೆಯಗಾರ ಎಲ್ಲಿ ಏನು ಮಸಲತ್ತು ನಡೆಸುತ್ತಿದ್ದಾನೆ ಎನ್ನುವ ಗುಟ್ಟಿನ ಸುದ್ದಿ, ಇವು ಅದರ ಸರಕು. ಹೈದರಾಲಿ ಮತ್ತು ಟಿಪ್ಪು ಕಾಲದಲ್ಲೂ ಅದು ನಿಲ್ಲಲಿಲ್ಲ. ಆಮೇಲೆ ಜನಸಾಮಾನ್ಯರ ಕಾಗದವನ್ನೂ ಒಯ್ಯುವ ಇಲಾಖೆಯಾಗಿ ಬೆಳೆದು, 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಸೇರಿಹೋಯಿತು. ಪಕ್ಕದ ತಿರುವಾಂಕೂರಿನ 'ಅಂಚಲ್' ಮಾತ್ರ ಸ್ವಾತಂತ್ರ್ಯ ಬಂದ ಮೇಲೂ ಇದ್ದು 1951ರಲ್ಲಿ ವಿಲೀನವಾಯಿತು. ಅಲ್ಲಿಯ ಓಟಗಾರನ ಕೈಯಲ್ಲೂ ಗೆಜ್ಜೆ ಕಟ್ಟಿದ ಕೋಲೇ.

ಹೊಸಕೋಟೆ ಈ ಚರಿತ್ರೆಯ ಹಾದಿಯಲ್ಲೇ ಇರುವ ಊರು. ಸುಗಟೂರಿನ ತಮ್ಮೇಗೌಡರು 1595ರ ಸುಮಾರಿಗೆ ಕಟ್ಟಿಸಿದ ಹೊಸ ಕೋಟೆಯಿಂದ ಊರಿಗೆ ಈ ಹೆಸರು ಬಂತು. ಬೆಂಗಳೂರಿನಿಂದ ಮದ್ರಾಸಿಗೆ ಹೋಗುವ ಹಳೇ ರಸ್ತೆ ಇಲ್ಲಿಂದಲೇ ಹಾದುಹೋಗುತ್ತದೆ. ಇವತ್ತಿಗೂ ಬೆಂಗಳೂರಿನವರು ಅದನ್ನು ಕರೆಯುವುದು ಓಲ್ಡ್ ಮದ್ರಾಸ್ ರೋಡ್ ಎಂದೇ. 1864ರಲ್ಲಿ ಬೆಂಗಳೂರು ದಂಡಿಗೆ ಜೋಲಾರ್‌ಪೇಟೆ ಕಡೆಯಿಂದ ರೈಲು ಬಂತು. ಆ ರೈಲು ಹೊಸಕೋಟೆ ಪಟ್ಟಣಕ್ಕೆ ಬರದೆ ದಕ್ಷಿಣಕ್ಕೆ ಸರಿದು ಹೋಯಿತು. ರೈಲು ಬಂದಲ್ಲಿ ಕಾಗದದ ಮೂಟೆ ರೈಲು ಹತ್ತಿತು. ರೈಲಿಲ್ಲದ ಊರುಗಳಿಗೆ ಮಾತ್ರ ಮನುಷ್ಯನ ಕಾಲೇ ಗತಿ.

ಆ ಕಾಲದ ಅಂಚೆ ಓಟಗಾರನ ಚಿತ್ರ ದೇಶದ ಎಲ್ಲ ಕಡೆಯೂ ಒಂದೇ ರೀತಿ. ಹೆಗಲ ಮೇಲೆ ಕೋಲು ಅಥವಾ ಈಟಿ, ಅದರ ತುದಿಗೆ ಗೆಜ್ಜೆ, ಹಿಂದೆ ಜೋತುಬಿದ್ದ ಚೀಲ. ಗೆಜ್ಜೆ ಶೋಕಿಗಲ್ಲ, ಹಾವು ಸರಿಯಲಿ, ಕಾಡುಪ್ರಾಣಿ ದೂರ ಹೋಗಲಿ, ಮುಂದಿನ ಹಂತದವನು ಎಚ್ಚರವಾಗಲಿ ಎಂದು. ಕಾಡುಹಾದಿಯಲ್ಲಿ ರಾತ್ರಿ ಹೊತ್ತು ಪಂಜಿನವನು, ತಮಟೆಯವನು ಜೊತೆಗೆ ಬರುತ್ತಿದ್ದದ್ದೂ ಉಂಟು. ಹಾಗಿದ್ದೂ ಹುಲಿ ಬಾಯಿಗೆ ಹೋದವರಿದ್ದಾರೆ, ತುಂಬಿದ ಹೊಳೆಯಲ್ಲಿ ಕೊಚ್ಚಿಹೋದವರಿದ್ದಾರೆ. 1854ರಲ್ಲಿ ಡಾಲ್‌ಹೌಸಿ ಕಾಲದಲ್ಲಿ ದೇಶಕ್ಕೆಲ್ಲ ಒಂದೇ ದರ ಬಂದು, ಕಾಲು ತೊಲ ತೂಕದ ಕಾಗದಕ್ಕೆ ಅರ್ಧ ಆಣೆ ಎಂದಾಯಿತು. ದೂರ ಎಷ್ಟಿದ್ದರೂ ಅಷ್ಟೇ. ಆ ಅರ್ಧ ಆಣೆಯ ಹಿಂದೆ ಓಡುತ್ತಿದ್ದವನು ಇವನು.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ವಾಟ್ಸಾಪಿನಲ್ಲಿ ಬರುವ ಹಾಗೆ "ಜಗತ್ತಿನ ಮೊದಲ ಅಲ್ಟ್ರಾ ಮ್ಯಾರಥಾನ್ ಓಟಗಾರರು ನಮ್ಮವರೇ" ಎಂದು ಎದೆ ತಟ್ಟಿಕೊಳ್ಳುವುದು ಸರಿಯಲ್ಲ. ಅಂಚೆ ಓಟ ಸರದಿ ಓಟ. ಒಬ್ಬನೇ 250 ಕಿಲೋಮೀಟರ್ ಓಡುತ್ತಿರಲಿಲ್ಲ, ತನ್ನ ಹಂತ ಮುಗಿದ ಮೇಲೆ ಚೀಲ ದಾಟಿಸಿ, ಎದುರು ಕಡೆಯ ಚೀಲ ಹೊತ್ತು ವಾಪಸು ಬರುತ್ತಿದ್ದ. ಆದರೆ ಲೆಕ್ಕವನ್ನು ಇನ್ನೊಂದು ರೀತಿಯಲ್ಲೂ ಹಾಕಬಹುದು. ಒಂದು ಹಂತ 8 ಕಿಲೋಮೀಟರ್ ಎಂದೇ ಇಟ್ಟುಕೊಳ್ಳಿ. ಹೋಗಿ ಬಂದರೆ 16. ವರ್ಷಕ್ಕೆ 300 ದಿನ ಎಂದರೆ 4,800 ಕಿಲೋಮೀಟರ್. ಸಹಾರಾ ಪಂದ್ಯದ ದೂರವನ್ನು ಇವನು ಹದಿನಾರು ದಿನಕ್ಕೊಮ್ಮೆ ಮುಗಿಸಿ, ಮಾರನೇ ದಿನ ಮತ್ತೆ ಚೀಲ ಹೊತ್ತು ನಿಲ್ಲುತ್ತಾನೆ. ಪದಕವಿಲ್ಲ, ಫೋಟೊವಿಲ್ಲ. ತಡವಾದರೆ ಮಾತ್ರ ಲೆಕ್ಕಕ್ಕೆ ಬರುತ್ತಿದ್ದ.

ಓಟ ಪಂದ್ಯವಾದ ಕತೆ

ದಿನಗಟ್ಟಲೆ ಓಡುವುದನ್ನು ಟಿಕೆಟ್ ಇಟ್ಟು ತೋರಿಸುವ ಆಟ ಮಾಡಿದ್ದು 1870ರ ದಶಕದ ಇಂಗ್ಲೆಂಡ್ ಮತ್ತು ಅಮೆರಿಕ. ದೊಡ್ಡ ಸಭಾಂಗಣದೊಳಗೆ ಸುತ್ತು ಹಾದಿ ಮಾಡಿ, ಆರು ದಿನ ಹಗಲು ರಾತ್ರಿ ಯಾರು ಹೆಚ್ಚು ದೂರ ಹೋಗುತ್ತಾರೆ ಎಂದು ಪಂತ. ಆರೇ ದಿನ ಏಕೆಂದರೆ ಭಾನುವಾರ ದೇವರ ದಿನ, ಆಟ ಆಡಿಸುವ ಹಾಗಿಲ್ಲ. 1879ರಲ್ಲಿ ಎಡ್ವರ್ಡ್ ಪೇಸನ್ ವೆಸ್ಟನ್ ಲಂಡನ್ನಿನಲ್ಲಿ ಆರು ದಿನಕ್ಕೆ 550 ಮೈಲಿ ಮುಗಿಸಿದ. 1888ರಲ್ಲಿ ಜಾರ್ಜ್ ಲಿಟಲ್‌ವುಡ್ 623 ಮೈಲಿ ದಾಟಿದ. ಆ ದಾಖಲೆಯನ್ನು ಮುರಿಯಲು 1984ರ ತನಕ, ಗ್ರೀಸಿನ ಯಿಯಾನಿಸ್ ಕೂರೋಸ್ ಬರುವವರೆಗೆ, ಕಾಯಬೇಕಾಯಿತು. ಆಮೇಲೆ ಸೈಕಲ್ ಪಂದ್ಯ ಬಂತು, ಜನ ಅತ್ತ ಹೋದರು.

ನಮ್ಮ ಕಡೆಯಿಂದ ದೂರದ ಓಟದಲ್ಲಿ ಹೊರದೇಶಕ್ಕೆ ಹೋದ ಮೊದಲ ಹೆಸರು ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಓಡುವ ರೈತರ ಮಕ್ಕಳನ್ನು ಕಂಡು ದೊರಾಬ್ಜಿ ಟಾಟಾ ಅವರು ಭಾರತದಿಂದ ಒಂದು ತಂಡವನ್ನು ಒಲಿಂಪಿಕ್ಸಿಗೆ ಕಳಿಸುವ ಏರ್ಪಾಟು ಮಾಡಿದರು. 1920ರ ಆಂಟ್ವರ್ಪ್ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಓಡಿ 19ನೆಯವರಾಗಿ ಬಂದರು. ಆ ವರ್ಷದ ಹಾದಿ ಮಾಮೂಲಿಗಿಂತ ಅರ್ಧ ಕಿಲೋಮೀಟರ್ ಹೆಚ್ಚೇ ಇತ್ತು. ನೂರು ವರ್ಷದ ಹಿಂದೆ, ಹಡಗಿನಲ್ಲಿ ವಾರಗಟ್ಟಲೆ ಕೂತು ಹೋಗಿ, ಗೊತ್ತಿಲ್ಲದ ಚಳಿಯಲ್ಲಿ ಈ ಓಟ. ನಮ್ಮ ಶಾಲೆಯ ಗೋಡೆಗಳ ಮೇಲೆ ಎಷ್ಟೋ ಆಟಗಾರರ ಚಿತ್ರ ಇರುತ್ತವೆ, ಚೌಗುಲೆಯವರ ಚಿತ್ರವನ್ನು ನಾವು ಈ ಜಿಲ್ಲೆಯಲ್ಲಿ ಒಂದು ಕಡೆಯೂ ಕಂಡಿಲ್ಲ.

ಮರುಭೂಮಿ ದಾಟುವ ಬಹುದಿನದ ಪಂದ್ಯಗಳಲ್ಲಿ ತುಂಬ ಹಳೆಯದೊಂದು ಅಮೆರಿಕದ್ದು. 1928ರ ಮಾರ್ಚ್ 4ರಂದು ಲಾಸ್ ಏಂಜಲಿಸ್‌ನಿಂದ 199 ಜನ ನ್ಯೂಯಾರ್ಕಿಗೆ ಓಡಲು ಹೊರಟರು. ದೂರ 3,400 ಮೈಲಿಗೂ ಹೆಚ್ಚು. ಮೊದಲ ದಿನಗಳಲ್ಲೇ ಮೊಹಾವೆ ಮರುಭೂಮಿ. ಟಾರು ಕಾಣದ ರಸ್ತೆ, ದೂಳು, ಬಿಸಿಲು, ಸರಿಯಾದ ಊಟವಿಲ್ಲ. ದಿನದಿನಕ್ಕೂ ಜನ ಉದುರಿದರು. 84 ದಿನ ಕಳೆದು ಮೇ 26ಕ್ಕೆ ಕೊನೆ ಮುಟ್ಟಿದವರು 55 ಜನ. ಗೆದ್ದವನು ಒಕ್ಲಹೊಮಾದ ಹಳ್ಳಿಯ, ಚೆರೋಕೀ ಬುಡಕಟ್ಟಿನ, ಇಪ್ಪತ್ತು ವರ್ಷದ ಆ್ಯಂಡಿ ಪೇಯ್ನ್. ರೈತರ ಮನೆಯ ಹುಡುಗ. ಬಹುಮಾನ 25,000 ಡಾಲರ್. ಆ ದುಡ್ಡಿನಲ್ಲಿ ಅವನು ಮಾಡಿದ ಕೆಲಸಗಳಲ್ಲಿ ಮುಖ್ಯವಾದದ್ದು ಅಪ್ಪನ ಜಮೀನಿನ ಮೇಲಿದ್ದ ಅಡಮಾನ ಬಿಡಿಸಿದ್ದು. ಜಮೀನು ಅಡ ಇಟ್ಟ ಮನೆಯವರಿಗೆ ಈ ಓಟದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಪಂದ್ಯ ನಡೆಸಿದ ಯಜಮಾನ ಮಾತ್ರ ಕೈ ಸುಟ್ಟುಕೊಂಡ.

ಸಹಾರಾ

ಈಗಿನ ಮರಳಿನ ಓಟದ ಬೀಜ ಬಿದ್ದದ್ದು 1984ರಲ್ಲಿ. ಪ್ಯಾಟ್ರಿಕ್ ಬೌಯೆ ಎಂಬ 28 ವರ್ಷದ ಫ್ರೆಂಚ್ ಯುವಕ ಆಲ್ಜೀರಿಯಾದ ಸಹಾರಾದಲ್ಲಿ 350 ಕಿಲೋಮೀಟರನ್ನು 12 ದಿನದಲ್ಲಿ ನಡೆದು ದಾಟಿದ. ಬೆನ್ನ ಮೇಲೆ ನೀರೂ ಊಟವೂ ಸೇರಿ 35 ಕಿಲೋ ಹೊರೆ. 350 ಎಂದರೆ ಬೆಂಗಳೂರಿನಿಂದ ಮದ್ರಾಸು. ವಾಪಸು ಬಂದವನು ಇದನ್ನು ಬೇರೆಯವರೂ ಮಾಡಲಿ ಎಂದು ಯೋಚಿಸಿ, ಎರಡು ವರ್ಷಕ್ಕೆ ಮೊರಾಕ್ಕೊದಲ್ಲಿ ಪಂದ್ಯ ಶುರು ಮಾಡಿದ. 1986ರ ಮೊದಲ ವರ್ಷ ಬಂದವರು 23 ಜನ. ಆಮೇಲೆ ಸಾವಿರ ದಾಟಿತು.

ಅದರ ನಿಯಮಗಳಲ್ಲೇ ಅದರ ಗುಣ ಇದೆ. ಸುಮಾರು 250 ಕಿಲೋಮೀಟರನ್ನು ಹಂತಗಳಾಗಿ ಒಡೆದಿರುತ್ತಾರೆ. ಅದರಲ್ಲಿ ಒಂದು ಹಂತ 80 ಕಿಲೋಮೀಟರಿನ ಆಚೀಚೆ, ರಾತ್ರಿಯಲ್ಲೂ ನಡೆಯಬೇಕು. ಊಟ ನಿಮ್ಮದೇ, ದಿನಕ್ಕೆ ಕನಿಷ್ಠ 2,000 ಕ್ಯಾಲೊರಿ ಬೆನ್ನ ಚೀಲದಲ್ಲಿ ಇರಲೇಬೇಕು, ತೂಗಿ ನೋಡುತ್ತಾರೆ. ಚೀಲ ಆರೂವರೆ ಕಿಲೋಗಿಂತ ಕಡಿಮೆ ಇರಬಾರದು, ಹದಿನೈದು ಮೀರಬಾರದು. ನೀರು ಮಾತ್ರ ಅವರು ಕೊಡುತ್ತಾರೆ, ಹಿಂದೆ ಅದನ್ನೂ ಅಳತೆ ಮಾಡಿ ಕೊಡುತ್ತಿದ್ದರು. ದಿಕ್ಸೂಚಿ, ಸೀಟಿ, ಕನ್ನಡಿ, ತಲೆ ದೀಪ, ವಿಷ ಹೀರುವ ಪಂಪು ಇಲ್ಲದವರಿಗೆ ದಂಡ. ವೈದ್ಯರ ಪತ್ರ, ಇಸಿಜಿ ಇಲ್ಲದೆ ಒಳಗೇ ಬಿಡುವುದಿಲ್ಲ. ರಾತ್ರಿ ಎಂಟೆಂಟು ಜನಕ್ಕೆ ಒಂದು ಕರಿ ಕಂಬಳಿ ಡೇರೆ. ಹಿಂದಿನ ವರ್ಷಗಳಲ್ಲಿ ಎಲ್ಲರ ಹಿಂದೆ ಒಂಟೆಗಳು ಬರುತ್ತಿದ್ದವು. ಒಂಟೆ ನಿಮ್ಮನ್ನು ದಾಟಿ ಮುಂದೆ ಹೋಯಿತೆಂದರೆ ನಿಮ್ಮ ಓಟ ಮುಗಿದ ಹಾಗೆ ಆಗುತ್ತಿತ್ತು. ಅದರ ಮುಂದೆ ಕುಂಟುತ್ತಾ ಹೋಗುತ್ತಿದ್ದವರೇ ನಮಗೆ ಗೆದ್ದವರಿಗಿಂತ ಹೆಚ್ಚು ಇಷ್ಟ.

ಮರಳಿನ ಮೇಲೆ ಓಡುವುದು ಯಾಕೆ ಅಷ್ಟು ಕಷ್ಟ? ದಕ್ಷಿಣ ಪಿನಾಕಿನಿಯ ಒಣಗಿದ ಪಾತ್ರದಲ್ಲಿ ಮರಳಿದ್ದ ಕಾಲದಲ್ಲಿ ಓಡಿದವರಿಗೆ ಗೊತ್ತು, ಕಾಲು ತಳ್ಳಿದ ಶಕ್ತಿಯೆಲ್ಲ ಮರಳು ನುಂಗುತ್ತದೆ. ಬೆಲ್ಜಿಯಂನ ವಿಜ್ಞಾನಿಗಳು 1998ರಲ್ಲಿ ಅಳೆದು ಹೇಳಿದ್ದು ಹೀಗೆ: ಗಟ್ಟಿ ನೆಲಕ್ಕೆ ಹೋಲಿಸಿದರೆ ಮರಳಲ್ಲಿ ಓಡಲು ಒಂದೂವರೆ ಪಾಲಿಗಿಂತ ಹೆಚ್ಚು ಶಕ್ತಿ ಬೇಕು, ನಡೆಯಲು ಎರಡು ಪಾಲಿಗೂ ಹೆಚ್ಚು. ಇಲ್ಲಿ ಒಂದು ವಿಚಿತ್ರ ಇದೆ ನೋಡಿ, ಮರಳಲ್ಲಿ ನಡಿಗೆಗೆ ಬೀಳುವ ದಂಡವೇ ಓಟಕ್ಕಿಂತ ದೊಡ್ಡದು.

ಊಟದ ಲೆಕ್ಕವನ್ನು ನಮ್ಮ ಅಡುಗೆಮನೆಗೂ ತರಬಹುದು. ಅವರು ಒಣಗಿಸಿದ ಪ್ಯಾಕೆಟ್ ಊಟ ಒಯ್ಯುತ್ತಾರೆ. ನಮ್ಮ ರಾಗಿ ಹುರಿಹಿಟ್ಟು ನೂರು ಗ್ರಾಮಿಗೆ 330 ಕ್ಯಾಲೊರಿ ಆಸುಪಾಸು. ದಿನದ 2,000ಕ್ಕೆ 600 ಗ್ರಾಂ ಹಿಟ್ಟು, ಏಳು ದಿನಕ್ಕೆ ನಾಲ್ಕು ಕಿಲೋಗೆ ಸ್ವಲ್ಪ ಮೇಲೆ. ಬೆಂಕಿ ಬೇಡ, ತಣ್ಣೀರಲ್ಲಿ ಕಲಸಿದರೆ ಸಾಕು. ಬೆಲ್ಲ, ಕಡಲೆಕಾಯಿ ಸೇರಿಸಿದರೆ ತೂಕ ಇನ್ನೂ ಇಳಿಯುತ್ತದೆ. ದಾರಿ ಬುತ್ತಿಗೆ ಹುರಿಹಿಟ್ಟು ಕಟ್ಟಿ ಕಳಿಸುತ್ತಿದ್ದ ಅಜ್ಜಿಯರು ಕ್ಯಾಲೊರಿ ಎಣಿಸಿದವರಲ್ಲ, ಆದರೂ ಲೆಕ್ಕ ತಪ್ಪಿರಲಿಲ್ಲ. (ಭಾನುವಾರ ಬೆಳಗಿನ ಜಾವ ನಾಲ್ಕಕ್ಕೆ ಬಿರಿಯಾನಿಗೆ ಸಾಲು ನಿಲ್ಲಲು ಬೆಂಗಳೂರಿಂದ ಕಾರಲ್ಲಿ ಬರುವವರ ಸಹನಶಕ್ತಿಯನ್ನೂ ಯಾರಾದರೂ ಅಳೆಯಬೇಕು, ಅದು ಬೇರೆ ಮಾತು.)

1994ರಲ್ಲಿ ಈ ಪಂದ್ಯದ ಹೆಸರು ಜಗತ್ತಿಗೆಲ್ಲ ಗೊತ್ತಾಯಿತು, ಅದೂ ಒಂದು ಅನಾಹುತದಿಂದ. ಇಟಲಿಯ ಪೊಲೀಸ್ ಅಧಿಕಾರಿ ಮೌರೊ ಪ್ರಾಸ್ಪೆರಿ, ಮಾಡರ್ನ್ ಪೆಂಟಾಥ್ಲಾನ್ ಆಟಗಾರರೂ ಆಗಿದ್ದವರು, ಮರಳು ಬಿರುಗಾಳಿಯಲ್ಲಿ ದಾರಿ ತಪ್ಪಿದರು. ಗಾಳಿ ನಿಂತಾಗ ಗುರುತುಗಳೆಲ್ಲ ಮಾಯ. ಮರುಭೂಮಿ ನಡುವಿನ ಪಾಳುಬಿದ್ದ ಗೋರಿ ಗುಡಿಯೊಂದರಲ್ಲಿ ಬಾವಲಿ ಹಿಡಿದು ತಿಂದರು, ತಮ್ಮ ಮೂತ್ರವನ್ನೇ ಕುಡಿದರು. ಕೊನೆಗೆ ಅವರು ಅಲೆಮಾರಿಗಳ ಕಣ್ಣಿಗೆ ಬಿದ್ದದ್ದು ಒಂಬತ್ತು-ಹತ್ತು ದಿನದ ಮೇಲೆ, ಗಡಿ ದಾಟಿ ಆಲ್ಜೀರಿಯಾದೊಳಗೆ, ಹಾದಿಯಿಂದ ಸುಮಾರು 300 ಕಿಲೋಮೀಟರ್ ಆಚೆ. ಮೈಯ ತೂಕ ಹದಿನೈದು ಕಿಲೋಗೂ ಹೆಚ್ಚು ಇಳಿದಿತ್ತು. ಆಶ್ಚರ್ಯವೆಂದರೆ ಅವರು ಮುಂದೆ ಮತ್ತೆ ಅದೇ ಪಂದ್ಯಕ್ಕೆ ಹೋದರು.

ನಮಗೆ ಇನ್ನೂ ದೊಡ್ಡ ವಿಷಯ ಅನ್ನಿಸುವುದು ಲಹ್ಸೆನ್ ಅಹನ್ಸಾಲ್ ಕತೆ. ಹೊರದೇಶದವರು ದುಡ್ಡು ಕೊಟ್ಟು ಮರಳಿಗೆ ಬರುತ್ತಾರೆ, ಸ್ಥಳೀಯರು ಡೇರೆ ಕಟ್ಟುತ್ತಾರೆ, ಒಂಟೆ ಹೊಡೆಯುತ್ತಾರೆ. ಹಾಗೇ ನಡೆಯಬೇಕಿದ್ದ ಪಂದ್ಯ. ಆದರೆ ಝಗೋರಾ ಕಡೆಯ, ಅಲೆಮಾರಿ ಕುರಿ-ಒಂಟೆ ಸಾಕುವವರ ಮನೆಯ ಈ ಹುಡುಗ 1997ರಲ್ಲಿ ಗೆದ್ದ, ಮತ್ತೆ 1999ರಿಂದ 2007ರ ತನಕ ಬಿಡದೆ ಗೆದ್ದ. ಒಟ್ಟು ಹತ್ತು ಸಲ. ತಮ್ಮ ಮೊಹಮದ್ ಐದು ಸಲ. ಚಿಕ್ಕಂದಿನಿಂದ ಮರಳಲ್ಲೇ ನಡೆದವರಿಗೆ ಯಾವ ದಿಬ್ಬದ ಯಾವ ಮಗ್ಗುಲು ಗಟ್ಟಿ, ಯಾವುದು ಮೆತ್ತಗೆ ಎಂದು ಬಣ್ಣ ನೋಡಿಯೇ ತಿಳಿಯುತ್ತದೆ. ಬೌಯೆ ಸಹಾರಾ ದಾಟಿದ್ದು ಸಾಹಸ ಎಂದು ಪತ್ರಿಕೆಗಳು ಬರೆದವು. ಈ ಹುಡುಗರ ಅಜ್ಜಂದಿರು ಅದೇ ಮರಳನ್ನು ಉಪ್ಪು, ಖರ್ಜೂರ, ಕುರಿಗಳಿಗಾಗಿ ದಾಟುತ್ತಿದ್ದದ್ದು ಯಾವ ಪತ್ರಿಕೆಗೂ ಸುದ್ದಿಯಾಗಿರಲಿಲ್ಲ. ನಮ್ಮ ಅಂಚೆಯವನ ಹಾಗೆಯೇ.

ಹಾಗೆಂದು ಇದೆಲ್ಲ ಹುಡುಗಾಟವಲ್ಲ. ಕೊರೋನಾದಿಂದ ಮುಂದೂಡಿ 2021ರ ಅಕ್ಟೋಬರಿನಲ್ಲಿ ನಡೆಸಿದ ಪಂದ್ಯದಲ್ಲಿ ಬಿಸಿಲು ಮಿತಿಮೀರಿತು, ಒಬ್ಬ ಫ್ರೆಂಚ್ ಓಟಗಾರ ತೀರಿಕೊಂಡರು, ಅರ್ಧಕ್ಕೆ ಹತ್ತಿರ ಜನ ಮಧ್ಯದಲ್ಲೇ ಬಿಟ್ಟರು. ಅದೇ ವರ್ಷ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದ ಒಣ ಬೆಟ್ಟಗಳಲ್ಲಿ 100 ಕಿಲೋಮೀಟರ್ ಓಟ ನಡೆದಾಗ ಏಕಾಏಕಿ ಆಲಿಕಲ್ಲು, ಹಿಮಗಾಳಿ ಬೀಸಿ 21 ಜನ ಚಳಿಯಿಂದ ಸತ್ತರು. ಬಿಸಿಲಿಗೆ ಸಿದ್ಧರಾಗಿ ತೆಳು ಅಂಗಿಯಲ್ಲಿ ಹೋಗಿದ್ದರು. ಗಾಳಿ ತಡೆಯುವ ಕೋಟು ಕಡ್ಡಾಯವಾಗಿರಲಿಲ್ಲ. ಆ ಹೊತ್ತಿನಲ್ಲಿ ಆರು ಜನರನ್ನು ಉಳಿಸಿದ್ದು ಒಬ್ಬ ಕುರಿಗಾಹಿ. ಮಳೆ ಬಂತೆಂದು ಗುಹೆಯೊಳಗೆ ಸೇರಿದ್ದವನು, ಓಟಗಾರರನ್ನು ಎಳೆದು ತಂದು ಬೆಂಕಿ ಹಚ್ಚಿ ಕಾಯಿಸಿದ.

ನಮ್ಮ ದೇಶದಲ್ಲೂ ಮರುಭೂಮಿ ಓಟಗಳಿವೆ. ಲಡಾಖ್ ಎಂದರೆ ಹಿಮದ ನಾಡು ಎಂದುಕೊಳ್ಳುತ್ತೇವೆ, ಅದು ಮಳೆಯೇ ಕಾಣದ ಚಳಿ ಮರುಭೂಮಿ. 2010ರಲ್ಲಿ ಅಲ್ಲಿ 'ಲಾ ಅಲ್ಟ್ರಾ' ಎಂಬ 222 ಕಿಲೋಮೀಟರ್ ಓಟ ಶುರುವಾಯಿತು, ಖಾರ್ದುಂಗ್ ಲಾ ಕಣಿವೆ ಹಾದಿ ಹತ್ತಿ ಇಳಿಯುವಂಥದ್ದು. ಮೊದಲ ಸಲ ಹೊರಟವರು ಮೂವರು, ಮುಗಿಸಿದವರು ಒಬ್ಬರೇ. ಕರ್ನಾಟಕದಲ್ಲಿ ಮರುಭೂಮಿ ಇಲ್ಲ, ತಲಕಾಡಿನ ಮರಳು ಬಿಟ್ಟರೆ. ಆದರೆ ಓಟಗಾರರಿದ್ದಾರೆ. ಬೆಂಗಳೂರಿನ ಉಲ್ಲಾಸ್ ನಾರಾಯಣ 2018ರಲ್ಲಿ ತೈವಾನಿನ ತೈಪೆಯಲ್ಲಿ ನಡೆದ ಏಷ್ಯಾ-ಓಷಿಯಾನಿಯಾ 24 ಗಂಟೆ ಓಟದಲ್ಲಿ 250 ಕಿಲೋಮೀಟರ್ ದಾಟಿ ಕಂಚು ಗೆದ್ದರು. ಸಹಾರಾದಲ್ಲಿ ವಾರ ಹಿಡಿಯುವ ದೂರ, ಟ್ರ್ಯಾಕಿನ ಸುತ್ತ ಒಂದೇ ದಿನಕ್ಕೆ. 2022ರ ಜುಲೈ 2 ಮತ್ತು 3ರಂದು ಅದೇ ಚಾಂಪಿಯನ್‌ಶಿಪ್ ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೇ ಬಂತು. ಭಾರತದ ಗಂಡಸರ ತಂಡ ಚಿನ್ನ ಗೆದ್ದಿತು, ಅಮರ್ ಸಿಂಗ್ ದೇವಂಡ 258.418 ಕಿಲೋಮೀಟರ್ ಓಡಿ ಮೊದಲಿಗರಾದರು. ಹೊಸಕೋಟೆಯಿಂದ ಕಂಠೀರವಕ್ಕೆ ಒಂದೂವರೆ ಗಂಟೆ ಬಸ್ಸು. ನಮ್ಮ ತಾಲೂಕಿನಿಂದ ನೋಡಲು ಹೋದವರು ಬೆರಳೆಣಿಕೆಯಷ್ಟಾದರೂ ಇದ್ದರೇ ಎಂಬುದು ಅನುಮಾನ.

ಇಷ್ಟೆಲ್ಲ ಹೇಳಲು ನಮಗೆ ಇನ್ನೊಂದು ಕಾರಣವೂ ಇದೆ. ಸಹಾರಾಕ್ಕೆ ಹೋಗಲು ಪ್ರವೇಶ ಶುಲ್ಕ, ವಿಮಾನ, ಸಾಮಾನು ಎಲ್ಲ ಸೇರಿ ಲಕ್ಷಗಳ ಲೆಕ್ಕ. ನಮ್ಮ ಓದುಗರಲ್ಲಿ ಹೆಚ್ಚಿನವರು ಅದಕ್ಕೆ ಹೋಗುವವರಲ್ಲ. ಆದರೆ ಬೆಳಗಾದರೆ ಕೆರೆ ಏರಿ ಮೇಲೆ, ಬಡಾವಣೆಗೆಂದು ಹಾಕಿ ಮನೆ ಏಳದೆ ಬಿಟ್ಟ ರಸ್ತೆಗಳ ಮೇಲೆ ನೂರಾರು ಹುಡುಗರು ಓಡುತ್ತಾರೆ. ಪೊಲೀಸ್ ಕಾನ್‌ಸ್ಟೆಬಲ್ ಆಯ್ಕೆಗೆ ಗಂಡಸರು 1,600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಸೈನ್ಯದ್ದು ಇನ್ನೂ ಬಿಗಿ. ಇವರ ಓಟ ಅಂಚೆಯವನ ಓಟದ ಜಾತಿಯದು, ಹೊಟ್ಟೆಪಾಡಿನದು. ಗೋದಾಮಿನ ರಾತ್ರಿ ಪಾಳಿ ಮುಗಿಸಿ, ನಿದ್ದೆಯಿಲ್ಲದೆ, ಬರೀ ಹೊಟ್ಟೆಯಲ್ಲಿ ಬಂದು ಓಡುವವರಿದ್ದಾರೆ. ಏಪ್ರಿಲ್ ಬಿಸಿಲಲ್ಲಿ ಹತ್ತು ಗಂಟೆಗೆ ಅಭ್ಯಾಸ ಮಾಡಿದರೆ ಮೈ ಗಟ್ಟಿಯಾಗುತ್ತದೆ ಎಂದು ನಂಬಿದವರಿದ್ದಾರೆ. ಓಡುವಾಗ ನೀರು ಕುಡಿಯಬಾರದು ಎಂದು ಹೇಳಿಕೊಡುವ 'ಕೋಚ್'ಗಳೂ ಇದ್ದಾರೆ.

ಮರುಭೂಮಿಯವರು ಜೀವ ತೆತ್ತು ಕಲಿತದ್ದು ಇಲ್ಲಿ ಬೇಕು. ಬಿಸಿಲಿಗೆ ಮೈ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕು, ದಿನಾ ಸ್ವಲ್ಪ ಸ್ವಲ್ಪ. ಹೊಂದಿಕೊಂಡ ಮೇಲೆ ಬೆವರು ಬೇಗ ಬರುತ್ತದೆ, ಅದರಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಒಂದೇ ದಿನಕ್ಕೆ ಹಟ ಮಾಡಿದರೆ ಮೈ ಕೇಳುವುದಿಲ್ಲ. ನೀರು ಕುಡಿಯದಿರುವುದು ಅಪಾಯ, ಉಪ್ಪಿಲ್ಲದೆ ಬರೀ ನೀರನ್ನೇ ಲೀಟರುಗಟ್ಟಲೆ ಕುಡಿಯುವುದೂ ಅಪಾಯ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ 28 ವರ್ಷದ ಯುವತಿಯೊಬ್ಬರು ಸತ್ತದ್ದು ಹೀಗೆ ರಕ್ತದ ಉಪ್ಪಿನಂಶ ಕುಸಿದು. ಸಹಾರಾದಲ್ಲಿ ನೀರಿನ ಜೊತೆ ಉಪ್ಪಿನ ಮಾತ್ರೆ ಕೊಡುತ್ತಿದ್ದದ್ದು ಇದಕ್ಕೇ. ನಮಗೆ ಮಾತ್ರೆ ಬೇಕಿಲ್ಲ, ಉಪ್ಪು ಹಾಕಿದ ನೀರು ಮಜ್ಜಿಗೆ ಸಾಕು. ಅದಿಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಟೀ ಚಮಚದ ಅಳತೆಯಲ್ಲಿ. ಓಡುತ್ತಿದ್ದವನು ಗೊಂದಲದ ಮಾತಾಡಿದರೆ, ತೂರಾಡಿದರೆ, ಮೈ ಕೆಂಡವಾಗಿದ್ದರೆ ಅದು ಸುಸ್ತಲ್ಲ. ನೆರಳಿಗೆ ತಂದು ಮೈಗೆಲ್ಲ ನೀರು ಸುರಿಯುತ್ತಾ 108ಕ್ಕೆ ಫೋನ್ ಮಾಡಿ. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಬೇಡಿ.

ಅಂಚೆ ಓಟಗಾರರ ಕಡೆಗೆ ವಾಪಸು ಬರೋಣ. ಮರಳಿನ ಪಂದ್ಯದಲ್ಲಿ ಪ್ರತಿಯೊಬ್ಬರ ಎದೆಯ ಮೇಲೆ ಸಂಖ್ಯೆ, ಹೆಸರು ಇರುತ್ತದೆ. ಎಷ್ಟನೆಯವರಾಗಿ ಬಂದರು ಎನ್ನುವುದು ಉಳಿಯುತ್ತದೆ. ಆಂಟ್ವರ್ಪಿನ 19ನೇ ಸ್ಥಾನ ನೂರು ವರ್ಷವಾದರೂ ದಾಖಲೆಯಲ್ಲಿದೆ. ಹಳೇ ಮದ್ರಾಸ್ ರಸ್ತೆಯಲ್ಲಿ, ಹೊಸಕೋಟೆಯಿಂದ ನಂದಗುಡಿ, ಸೂಲಿಬೆಲೆ ಕಡೆಯ ದಾರಿಗಳಲ್ಲಿ ಚೀಲ ಹೊತ್ತವರ ಹೆಸರು ಹಾಗೆ ಉಳಿದಿಲ್ಲ. ಉಳಿದಿದ್ದರೆ ಮನೆಗಳಲ್ಲಿ ಉಳಿದಿರಬೇಕು. ನಿಮ್ಮ ಅಜ್ಜನೋ ಮುತ್ತಜ್ಜನೋ ಅಂಚೆ ಚೀಲ ಹೊರುತ್ತಿದ್ದರೆ, ಅವರ ಬಿಲ್ಲೆ, ಗೆಜ್ಜೆ ಕೋಲು, ಪಿಂಚಣಿ ಕಾಗದ ಏನಾದರೂ ಅಟ್ಟದ ಮೇಲಿದ್ದರೆ, ಅವರು ಯಾವ ಊರಿಂದ ಯಾವ ಊರಿಗೆ ಹೋಗುತ್ತಿದ್ದರು ಎಂದು ಮನೆಯ ಹಿರಿಯರಿಗೆ ನೆನಪಿದ್ದರೆ ನಮಗೆ ಬರೆದು ಕಳಿಸಿ. ಧ್ವನಿ ಸಂದೇಶವಾದರೂ ಸರಿ, ನಾವೇ ಕೇಳಿ ಬರೆದುಕೊಳ್ಳುತ್ತೇವೆ. ಹಂತ ಎಲ್ಲಿ ಬದಲಾಗುತ್ತಿತ್ತು, ಮಳೆಗಾಲದಲ್ಲಿ ಹೊಳೆ ಹೇಗೆ ದಾಟುತ್ತಿದ್ದರು, ಕಾಲಿಗೆ ಏನು ಹಾಕಿಕೊಳ್ಳುತ್ತಿದ್ದರು ಎಂಬುದನ್ನು ಮರೆಯದೆ ಕೇಳಿ.